ಬಿಚ್ಚಿದ ಓಲೆಯ ಮೇಲೆ ಮಾತ್ರ ಕತ್ತರಿ

ತೊಟ್ಟಿಲಲ್ಲಿ ಮಲಗಿದ ಹಸುಗೂಸು ಲೋಕದ ಯಾವ ವ್ಯಾಧಿಯನ್ನೂ ಇನ್ನೂ ಕಂಡಿರುವುದಿಲ್ಲ. ಆದರೂ ಅದರ ಪುಟ್ಟ ಶರೀರದಲ್ಲಿ ಧನುರ್ವಾಯುವಿಗೆ, ನಾಯಿಕೆಮ್ಮಿಗೆ, ದಡಾರಕ್ಕೆ ಉತ್ತರ ಕೊಡಬಲ್ಲ ಬಿಳಿಯ ರಕ್ತಕಣಗಳು ಆಗಲೇ ಸಿದ್ಧವಾಗಿ ನಿಂತಿರುತ್ತವೆ. ಇಷ್ಟೇ ಆಗಿದ್ದರೆ, ತಲೆಮಾರುಗಳಿಂದ ಕಾಡಿದ ವೈರಿಗಳ ಗುರುತನ್ನು ಹಿರಿಯರು ಮಕ್ಕಳಿಗೆ ಬಿಟ್ಟುಹೋಗಿದ್ದಾರೆಂದು ಸಮಾಧಾನ ತಂದುಕೊಳ್ಳಬಹುದಾಗಿತ್ತು. ಆದರೆ 2019ರ ಕೊನೆಯಲ್ಲಿ ಕಾಣಿಸಿಕೊಂಡ ಹೊಸ ಕೊರೋನಾ ವೈರಸ್ಸಿಗೆ ಎದುರಾಗಿ, ಅದಕ್ಕಿಂತ ಎಂಬತ್ತು ವರ್ಷ ಮೊದಲೇ ಹುಟ್ಟಿದ ಅಜ್ಜಿಯರ ದೇಹವೂ ಪ್ರತಿಕಾಯಗಳನ್ನು ತಯಾರಿಸಿತು. ಯಾವ ಪೂರ್ವಿಕನೂ ಕಾಣದಿದ್ದ ಶತ್ರುವಿನ ಗುರುತು ಅವರಿಗೆ ದೊರೆತದ್ದು ಎಲ್ಲಿಂದ?

ಈ ಪ್ರಶ್ನೆ ಹೊಸದಲ್ಲ. ರಕ್ತದ ಗುಂಪುಗಳನ್ನು ಕಂಡುಹಿಡಿದು ಖ್ಯಾತರಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು, ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲದ, ಪ್ರಯೋಗಶಾಲೆಯಲ್ಲಿಯೇ ಹುಟ್ಟಿದ ರಾಸಾಯನಿಕಗಳನ್ನು ಪ್ರೋಟೀನುಗಳಿಗೆ ಅಂಟಿಸಿ ಮೊಲಗಳ ಮೈಗೆ ಚುಚ್ಚಿದರು. ಮೊಲಗಳು ಆ ರಾಸಾಯನಿಕಗಳಿಗೂ ತಕ್ಕ ಪ್ರತಿಕಾಯಗಳನ್ನು ಒದಗಿಸಿದವು! ದೇಹದ ಪ್ರತಿಯೊಂದು ಪ್ರೋಟೀನಿಗೂ ಒಂದು ಜೀನು ಬೇಕು. ಮನುಷ್ಯನಲ್ಲಿರುವ ಅಂತಹ ಜೀನುಗಳಾದರೋ ಸುಮಾರು 20,000 ಮಾತ್ರ. ಕೋಟಿಗಟ್ಟಲೆ ಬಗೆಯ ಪ್ರತಿಕಾಯಗಳನ್ನು ಇಷ್ಟು ಸಣ್ಣ ಬಂಡವಾಳದಿಂದ ಹೇಗೆ ನಡೆಸಿಕೊಂಡು ಬರಲಾಗುತ್ತದೆ ಎಂಬುದು ಬಹುಕಾಲ ವಿಜ್ಞಾನಿಗಳ ನಿದ್ರೆಗೆಡಿಸಿದ ಲೆಕ್ಕ.

ಹೊಲಿದು ಮಾಡಿದ ಜೀನು

1965ರಲ್ಲಿ ವಿಲಿಯಂ ಡ್ರೇಯರ್ ಮತ್ತು ಕ್ಲಾಡ್ ಬೆನೆಟ್ ಎಂಬ ಇಬ್ಬರು ಒಂದು ಧೈರ್ಯದ ಊಹೆಯನ್ನು ಮುಂದಿಟ್ಟರು. ಪ್ರತಿಕಾಯದ ಒಂದು ಸರಪಣಿಗೆ ಬೇಕಾದ ಬರಹ ಒಂದೇ ಕಡೆ ಇಲ್ಲ; ಬೇರೆ ಬೇರೆ ಕಡೆಯ ತುಂಡುಗಳನ್ನು ರಕ್ತಕಣವೇ ತಂದು ಜೋಡಿಸಿಕೊಳ್ಳುತ್ತದೆ ಎಂಬುದೇ ಆ ಊಹೆ. ತಾಯಿತಂದೆಯರಿಂದ ಬಂದ ಜೀನುಗಳು ಜೀವಮಾನವಿಡೀ ಕದಲದೆ ಇರುತ್ತವೆಂದು ನಂಬಿದ್ದ ಕಾಲವದು. ಬಹುಮಂದಿ ಈ ಮಾತನ್ನು ಒಪ್ಪಲಿಲ್ಲ.

ಒಪ್ಪಿಸಿದವರು ಜಪಾನಿನ ನಗೋಯಾದಲ್ಲಿ ಹುಟ್ಟಿದ ಸುಸುಮು ಟೊನೆಗಾವಾ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ರೋಗರಕ್ಷಾಶಾಸ್ತ್ರ ಸಂಸ್ಥೆಯಲ್ಲಿ, ನೊಬುಮಿಚಿ ಹೊಜುಮಿ ಅವರೊಡನೆ, ಅವರು ಇಲಿಯ ಭ್ರೂಣದ ಡಿ.ಎನ್.ಎ.ಯನ್ನೂ ಪ್ರತಿಕಾಯ ತಯಾರಿಸುವ ಕಣದ ಡಿ.ಎನ್.ಎ.ಯನ್ನೂ ಒಂದೇ ಕಿಣ್ವದಿಂದ ಕತ್ತರಿಸಿ ಹೋಲಿಸಿ ನೋಡಿದರು. ಭ್ರೂಣದಲ್ಲಿ ಎರಡು ಬೇರೆ ತುಂಡುಗಳಲ್ಲಿ ದೂರ ದೂರವಿದ್ದ ಬರಹ, ಬಲಿತ ಕಣದಲ್ಲಿ ಒಂದೇ ತುಂಡಿನಲ್ಲಿ ಬಂದು ಸೇರಿಕೊಂಡಿತ್ತು. 1976ರಲ್ಲಿ ಪ್ರಕಟವಾದ ಈ ಫಲಿತಾಂಶ ಒಂದು ಯುಗವನ್ನೇ ಆರಂಭಿಸಿತು. 1987ರಲ್ಲಿ ಟೊನೆಗಾವಾ ಅವರೊಬ್ಬರಿಗೇ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟಿತು.

ಆ ತುಂಡುಗಳಿಗೆ ಇಂದು 'ವಿ', 'ಡಿ', 'ಜೆ' ಎಂಬ ಹೆಸರುಗಳಿವೆ. ಪ್ರತಿಕಾಯದ ಭಾರವಾದ ಸರಪಣಿಗಾಗಿ ಮನುಷ್ಯನ 14ನೆಯ ಕ್ರೋಮೋಸೋಮಿನಲ್ಲಿ ಉಪಯೋಗಕ್ಕೆ ಬರುವ ಸುಮಾರು 40 'ವಿ', 23 'ಡಿ', 6 'ಜೆ' ತುಂಡುಗಳಿವೆ. ಒಂದೊಂದು ಕಣವೂ ಪ್ರತಿ ರಾಶಿಯಿಂದ ಒಂದೊಂದನ್ನು ಆರಿಸಿ ಹೊಲಿದುಕೊಳ್ಳುತ್ತದೆ. ಇದರಿಂದಲೇ ಐದೂವರೆ ಸಾವಿರ ಮಾದರಿಗಳಾದವು. ಹಗುರವಾದ ಸರಪಣಿಯಲ್ಲಿ ಇದೇ ರೀತಿಯ ಸುಮಾರು 300 ಮಾದರಿಗಳು ಸಾಧ್ಯ. ಎರಡನ್ನೂ ಗುಣಿಸಿದರೆ ಲೆಕ್ಕ ಹದಿನಾರು ಲಕ್ಷವನ್ನು ಮೀರುತ್ತದೆ. ಸಾಲದುದಕ್ಕೆ, ಹೊಲಿಗೆ ಬೀಳುವ ಜಾಗದಲ್ಲಿ ಕೆಲವು ಅಕ್ಷರಗಳು ಉದುರುತ್ತವೆ, ಕೆಲವು ಹೊಸದಾಗಿ ಸೇರುತ್ತವೆ. ಆಮೇಲೆ ಎಣಿಕೆಗೆ ಮಿತಿಯೇ ಉಳಿಯುವುದಿಲ್ಲ. ಕಂಡರಿಯದ ವೈರಿಗೂ ಬೀಗದ ಕೈ ಸಿದ್ಧವಿರುವ ಗುಟ್ಟು ಇದು.

ಒಂದೇ ಕತ್ತರಿ, ಎರಡು ಮನೆ

ಜೋಡಿಸಬೇಕಾದರೆ ಮೊದಲು ಕತ್ತರಿಸಬೇಕು. ಅಮೆರಿಕದಲ್ಲಿ ಡೇವಿಡ್ ಶಾಟ್ಸ್, ಮಾರ್ಜರಿ ಓಟಿಂಜರ್ ಮತ್ತು ಡೇವಿಡ್ ಬಾಲ್ಟಿಮೋರ್ ಅವರು 1989 ಮತ್ತು 1990ರಲ್ಲಿ ಆ ಕತ್ತರಿಯ ಎರಡು ಅಲಗುಗಳನ್ನೂ ಪತ್ತೆಮಾಡಿದರು. 'ರ್ಯಾಗ್-1', 'ರ್ಯಾಗ್-2' ಎಂಬುವು ಅವುಗಳ ಹೆಸರು. ಪ್ರತಿಯೊಂದು ತುಂಡಿನ ಅಂಚಿನಲ್ಲಿಯೂ ದರ್ಜಿಯ ಸೀಮೆಸುಣ್ಣದ ಗೆರೆಯಂತಹ ಒಂದು ಗುರುತು ಇರುತ್ತದೆ: 7 ಅಕ್ಷರಗಳ ಒಂದು ಪದ, 12 ಅಥವಾ 23 ಅಕ್ಷರಗಳಷ್ಟು ಅಂತರ, ಆಮೇಲೆ 9 ಅಕ್ಷರಗಳ ಇನ್ನೊಂದು ಪದ. ಈ ಗುರುತನ್ನು ಹಿಡಿದು ರ್ಯಾಗ್ ಕತ್ತರಿಸುತ್ತದೆ.

ಇಲ್ಲಿಯವರೆಗೆ ಕಥೆ ಸರಳವಾಗಿದೆ. ತೊಡಕು ಆರಂಭವಾಗುವುದು ಇಲ್ಲಿಂದ ಮುಂದೆ.

ದೇಹದ ರಕ್ಷಣೆಗೆ ಎರಡು ಬಗೆಯ ಕಣಗಳಿವೆ. ಅಸ್ಥಿಮಜ್ಜೆಯಲ್ಲಿ ಬೆಳೆದು ಪ್ರತಿಕಾಯಗಳನ್ನು ಮಾಡುವವು 'ಬಿ' ಕಣಗಳು; ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಬೆಳೆದು, ತಮ್ಮ ಹೊರಮೈಯಲ್ಲಿ ಬೇರೊಂದು ಬಗೆಯ ಗ್ರಾಹಕವನ್ನು ಧರಿಸುವವು 'ಟಿ' ಕಣಗಳು. 'ಟಿ' ಕಣದ ಗ್ರಾಹಕವೂ ತುಂಡುಗಳಿಂದ ಹೊಲಿದದ್ದೇ. ಎರಡರಲ್ಲಿಯೂ ಇರುವ ಡಿ.ಎನ್.ಎ. ಒಂದೇ, ಕತ್ತರಿಯೂ ಒಂದೇ, ಕತ್ತರಿಸಬೇಕಾದ ಗುರುತೂ ಒಂದೇ. ಹೀಗಿದ್ದರೂ 'ಬಿ' ಕಣ ತನ್ನಲ್ಲಿರುವ 'ಟಿ' ಗ್ರಾಹಕದ ತುಂಡುಗಳನ್ನು ಮುಟ್ಟುವುದಿಲ್ಲ. 'ಟಿ' ಕಣವೂ ಪ್ರತಿಕಾಯದ ಜೀನನ್ನು ಪೂರ್ತಿ ಹೊಲಿಯುವುದಿಲ್ಲ. ಒಂದೇ ಕತ್ತರಿಯನ್ನು ಕೈಯಲ್ಲಿ ಹಿಡಿದ ಇಬ್ಬರು ದರ್ಜಿಗಳು, ಎದುರಿಗೆ ಒಂದೇ ಬಗೆಯ ಗೆರೆ ಎಳೆದ ಬಟ್ಟೆಗಳ ರಾಶಿಯಿದ್ದರೂ, ಒಬ್ಬನು ಅಂಗಿಯನ್ನೇ, ಇನ್ನೊಬ್ಬನು ಲಂಗವನ್ನೇ ಹೊಲಿಯುವುದು ಹೇಗೆ? ಅವರಿಗೆ ಅಪ್ಪಣೆ ಕೊಡುವವರು ಯಾರು?

ಓಲೆಗರಿಯ ಕಟ್ಟು

ಉತ್ತರವಿದ್ದದ್ದು ಕತ್ತರಿಯಲ್ಲಲ್ಲ, ಬಟ್ಟೆಯ ಮಡಿಕೆಯಲ್ಲಿ.

ಒಂದು ಜೀವಕೋಶದ ಡಿ.ಎನ್.ಎ.ಯನ್ನು ನೇರವಾಗಿ ಎಳೆದು ಹಿಡಿದರೆ ಅದರ ಉದ್ದ ಸುಮಾರು 2 ಮೀಟರ್. ಅದು ಅಡಗಿರಬೇಕಾದ ಕೋಶಕೇಂದ್ರವಾದರೋ ಒಂದು ಮಿಲಿಮೀಟರಿನ ಸಾವಿರದ ಆರು ಭಾಗದಷ್ಟು. ಆದ್ದರಿಂದ ಆ ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಎಂಟು ಹಿಸ್ಟೋನುಗಳ ಒಂದು ಉಂಡೆ, ಅದರ ಮೇಲೆ ಎರಡು ಸುತ್ತಿಗೆ ಕೊಂಚ ಕಡಮೆಯಾಗಿ 147 ಅಕ್ಷರಗಳಷ್ಟು ಎಳೆ. ಮತ್ತೆ ಒಂದು ಉಂಡೆ, ಮತ್ತೆ ಸುತ್ತು. ಮಣಿಸರದಂತಹ ಈ ರಚನೆಯನ್ನು 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ವಿವರಿಸಿದರು. ಎಳೆ ಮತ್ತು ಉಂಡೆಗಳು ಸೇರಿ ಆದ ದ್ರವ್ಯಕ್ಕೆ 'ಕ್ರೋಮಾಟಿನ್' ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಾಲ್ಟರ್ ಫ್ಲೆಮಿಂಗ್, ಬಣ್ಣವನ್ನು ಚೆನ್ನಾಗಿ ಹೀರುವ ವಸ್ತುವೆಂಬ ಅರ್ಥದಲ್ಲಿ ಇಟ್ಟ ಹೆಸರಿದು.

ಹಳೆಯ ಮನೆಗಳ ಅಟ್ಟದಲ್ಲಿದ್ದ ಓಲೆಗರಿಯ ಕಟ್ಟುಗಳನ್ನು ನೆನಪಿಗೆ ತಂದುಕೊಂಡರೆ ಈ ವಿಷಯ ಸ್ಪಷ್ಟವಾಗುತ್ತದೆ. ನೂರಾರು ಓಲೆಗಳನ್ನು ಒಂದರ ಮೇಲೊಂದು ಪೇರಿಸಿ, ಮರದ ಹಲಗೆಗಳ ನಡುವೆ ಒತ್ತಿ, ದಾರದಿಂದ ಬಿಗಿದು ಕಟ್ಟಿರುತ್ತಾರೆ. ಬರೆದದ್ದೆಲ್ಲವೂ ಒಳಗೇ ಇದೆ. ಆದರೆ ದಾರವನ್ನು ಬಿಚ್ಚಿ ಓಲೆಯನ್ನು ಹೊರಳಿಸುವವರೆಗೆ ಅದನ್ನು ಓದಲಾಗದು, ತಿದ್ದಲಾಗದು, ಹುಳುವಿಗೂ ಸುಲಭವಾಗಿ ಸಿಕ್ಕದು. ಕ್ರೋಮಾಟಿನ್ನಿನ ರೀತಿಯೂ ಅದೇ. ಬಿಗಿಯಾದ ಕಟ್ಟಿನೊಳಗಿನ ಜೀನಿನ ಮೇಲೆ ಕತ್ತರಿಯ ಗುರುತು ಇದ್ದೂ ಇಲ್ಲದಂತೆಯೇ ಸರಿ. ಕಟ್ಟು ಸಡಿಲವಾದಲ್ಲಿ ಮಾತ್ರ ರ್ಯಾಗ್ ಪ್ರವೇಶಿಸಬಲ್ಲದು.

ಈ ವಿಚಾರವನ್ನು 1985ರಲ್ಲಿ ಸ್ಪಷ್ಟವಾಗಿ ಪ್ರತಿಪಾದಿಸಿದವರು ಜಾರ್ಜ್ ಯಾಂಕೊಪೌಲೊಸ್ ಮತ್ತು ಫ್ರೆಡರಿಕ್ ಆಲ್ಟ್. ರ್ಯಾಗ್ ಇನ್ನೂ ಯಾರ ಕೈಗೂ ಸಿಕ್ಕಿರದಿದ್ದ ಕಾಲವದು. ಎಳೆಯ 'ಬಿ' ಕಣಗಳಲ್ಲಿ ಅವರೊಂದು ವಿಚಿತ್ರವನ್ನು ಕಂಡರು. ಇನ್ನೂ ಜೋಡಣೆಯಾಗದ 'ವಿ' ತುಂಡುಗಳ ಪ್ರತಿಯನ್ನು ಕಣವು ಆರ್.ಎನ್.ಎ. ರೂಪದಲ್ಲಿ ಬರೆದುಕೊಳ್ಳುತ್ತಿತ್ತು, ಜೋಡಣೆಯ ಕಾಲ ಮುಗಿದೊಡನೆ ಆ ಬರವಣಿಗೆ ನಿಂತುಹೋಗುತ್ತಿತ್ತು. ಅರ್ಧಂಬರ್ಧ ಜೀನಿನ ಪ್ರತಿಯಿಂದ ಪ್ರತಿಕಾಯ ಹುಟ್ಟುವಂತಿಲ್ಲ. ಹಾಗಿದ್ದ ಮೇಲೆ ಈ ವ್ಯರ್ಥ ಪ್ರಯಾಸವೇಕೆ? ಓಲೆ ಬಿಚ್ಚಿದೆ ಎಂಬುದರ ಸೂಚನೆ ಅದು ಎಂದು ಅವರು ಅರ್ಥಮಾಡಿಕೊಂಡರು. ನಕಲುಗಾರನು ತಲಪಬಲ್ಲ ಸ್ಥಳವನ್ನು ಕತ್ತರಿಯೂ ತಲಪಬಲ್ಲದು.

ಮರುವರ್ಷವೇ ಅವರ ತಂಡ 'ಟಿ' ಗ್ರಾಹಕದ ತುಂಡುಗಳನ್ನು ಹೊರಗಿನಿಂದ ಎಳೆಯ 'ಬಿ' ಕಣದೊಳಕ್ಕೆ ಸೇರಿಸಿ ನೋಡಿತು. ಹಾಗೆ ಬಂದ ಅತಿಥಿತುಂಡುಗಳು ಅಲ್ಲಿ ಕತ್ತರಿಗೆ ಸಿಕ್ಕಿ ಜೋಡಣೆಯಾದವು. ಕಣದ ಸ್ವಂತ 'ಟಿ' ತುಂಡುಗಳು ಕಟ್ಟಿನೊಳಗೆ ಸುಮ್ಮನೆ ಉಳಿದವು. ಎರಡು ಮನೆಗಳಲ್ಲಿಯೂ ಕತ್ತರಿ ಒಂದೇ ಎಂಬುದು ಇದರಿಂದ ಗೊತ್ತಾಯಿತು. 1996ರಲ್ಲಿ ಮಾರ್ಕ್ ಶ್ಲಿಸೆಲ್ ಅವರ ತಂಡ ಇನ್ನೂ ನೇರವಾದ ಪರೀಕ್ಷೆಯೊಂದನ್ನು ನಡೆಸಿತು. ಬೇರೆ ಬೇರೆ ಕಣಗಳ ಕೋಶಕೇಂದ್ರಗಳನ್ನು ಹೊರತೆಗೆದು ಎಲ್ಲಕ್ಕೂ ಒಂದೇ ರ್ಯಾಗ್ ಪ್ರೋಟೀನನ್ನು ಬಡಿಸಿದರು. 'ಬಿ' ಕಣದ ಕೇಂದ್ರದಲ್ಲಿ ಪ್ರತಿಕಾಯದ ಜೀನು, 'ಟಿ' ಕಣದ ಕೇಂದ್ರದಲ್ಲಿ 'ಟಿ' ಗ್ರಾಹಕದ ಜೀನು ಕತ್ತರಿಸಲ್ಪಟ್ಟಿತು. ಹಿಸ್ಟೋನುಗಳನ್ನೆಲ್ಲ ತೊಳೆದು ಬರಿಯ ಡಿ.ಎನ್.ಎ.ಯನ್ನು ಕೊಟ್ಟಾಗ ಈ ವಿವೇಚನೆಯೆಲ್ಲ ಮಾಯವಾಯಿತು! ವಿವೇಕವಿದ್ದದ್ದು ಕತ್ತರಿಗಲ್ಲ, ಕಟ್ಟಿಗೆ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಕೆ?

ದಾರ ಬಿಚ್ಚುವವರು

ದಾರವನ್ನು ಬಿಚ್ಚುವ ಕೈಗಳು ಯಾವುವು? ಜೀನಿನ ಸಮೀಪದಲ್ಲಿಯೇ ಕೆಲವು ವಿಶೇಷ ತಾಣಗಳಿವೆ. ಆಯಾ ಜಾತಿಯ ಕಣದಲ್ಲಿ ಕೆಲಸ ಮಾಡುವ ಕೆಲವು ಪ್ರೋಟೀನುಗಳು ಆ ತಾಣಗಳ ಮೇಲೆ ಕುಳಿತು, ಕಟ್ಟನ್ನು ಸಡಿಲಿಸುವ ಕಿಣ್ವಗಳನ್ನು ಕರೆಯುತ್ತವೆ. 'ಇ-2-ಎ', 'ಇ.ಬಿ.ಎಫ್.' ಎಂಬುವು 'ಬಿ' ಕಣದ ಅಂತಹ ಮೇಸ್ತ್ರಿಗಳು. ಇವುಗಳನ್ನು ರ್ಯಾಗ್ ಕತ್ತರಿಯೊಡನೆ ಕೂಡಿಸಿ ಮೂತ್ರಪಿಂಡದಿಂದ ಬೆಳೆಸಿದ ಕೋಶಗಳಿಗೆ ಸೇರಿಸಿದಾಗ, ಪ್ರತಿಕಾಯದ ಗೊಡವೆಯೇ ಇಲ್ಲದ ಆ ಕೋಶಗಳಲ್ಲಿಯೂ ಪ್ರತಿಕಾಯದ ತುಂಡುಗಳು ಜೋಡಣೆಯಾಗತೊಡಗಿದವು. 2000ದಲ್ಲಿ ಪ್ರಕಟವಾದ ಪ್ರಯೋಗವಿದು.

ಕಿಣ್ವಗಳು ಹಿಸ್ಟೋನುಗಳ ಬಾಲಕ್ಕೆ ಸಣ್ಣ ಸಣ್ಣ ರಾಸಾಯನಿಕ ಮುದ್ರೆಗಳನ್ನು ಒತ್ತುತ್ತವೆ. ಓಲೆಯ ಅಂಚಿಗೆ ಅರಿಸಿನದ ಬೊಟ್ಟಿಟ್ಟು 'ಇಲ್ಲಿ ತೆರೆದಿದೆ' ಎಂದು ಗುರುತು ಮಾಡಿದಂತೆ. ರ್ಯಾಗ್-2 ಪ್ರೋಟೀನಿಗೆ ಈ ಮುದ್ರೆಯನ್ನು ತಡವಿ ನೋಡುವ ಬೆರಳೊಂದಿದೆ ಎಂಬುದು 2007ರಲ್ಲಿ ತಿಳಿದುಬಂದಿತು. ಮೂರನೆಯ ಹಿಸ್ಟೋನಿನ ಬಾಲದ ನಾಲ್ಕನೆಯ ಸ್ಥಾನದಲ್ಲಿ ಮೂರು ಮೀಥೈಲ್ ಗುಂಪುಗಳಿದ್ದರೆ ಈ ಬೆರಳು ಅದನ್ನು ಹಿಡಿದುಕೊಳ್ಳುತ್ತದೆ. ಬೆರಳಿನ ಒಂದೇ ಒಂದು ಅಮೈನೋ ಆಮ್ಲ, 453ನೆಯದು, ಬದಲಾದರೂ ಹಿಡಿತ ತಪ್ಪುತ್ತದೆ. ರೋಗನಿರೋಧ ಶಕ್ತಿಯಿಲ್ಲದೆ ಹುಟ್ಟಿದ ಕೆಲವು ರೋಗಿಗಳಲ್ಲಿ ಇದೇ ಸ್ಥಾನ ಕೆಟ್ಟಿರುವುದು ಕಂಡುಬಂದಿದೆ.

ಇನ್ನೊಂದು ಕೌತುಕ. 'ವಿ' ತುಂಡುಗಳ ಸಾಲು ಹತ್ತು ಲಕ್ಷ ಅಕ್ಷರಗಳಷ್ಟು ದೂರದವರೆಗೆ ಹಬ್ಬಿದೆ. ಅಷ್ಟು ದೂರದ ತುಂಡು 'ಜೆ'ಯ ಬಳಿಗೆ ಬರುವುದಾದರೂ ಹೇಗೆ? ಕತ್ತರಿ 'ಜೆ'ಯ ಬಳಿ ಠಾಣ್ಯ ಹೂಡಿ ಕುಳಿತಿರುತ್ತದೆ. ಬಾವಿಯ ರಾಟೆಯ ಮೇಲೆ ಹಗ್ಗ ಸರಿಯುವಂತೆ ಕ್ರೋಮಾಟಿನ್ನಿನ ಎಳೆ ಅದರ ಮುಂದೆ ಸರಿದುಹೋಗುತ್ತದೆ. ಸರಿಯುವಾಗ ತಕ್ಕ ಗುರುತು ಎದುರಾದರೆ ಕತ್ತರಿ ಕಚ್ಚುತ್ತದೆ. ಆಲ್ಟ್ ಅವರ ಪ್ರಯೋಗಶಾಲೆಯಿಂದಲೇ ಇತ್ತೀಚಿನ ವರ್ಷಗಳಲ್ಲಿ ಹೊರಬಂದ ಚಿತ್ರವಿದು. 1985ರಲ್ಲಿ ಹಿಡಿದ ಎಳೆಯನ್ನು ಅವರು ದಶಕಗಳು ಕಳೆದರೂ ಕೈಬಿಡಲಿಲ್ಲ.

ಸರದಿಯ ಕಟ್ಟುಪಾಡು

ಎಲ್ಲ ಓಲೆಗಳೂ ಒಮ್ಮೆಗೇ ಬಿಚ್ಚುವುದಿಲ್ಲ. ಎಳೆಯ 'ಬಿ' ಕಣದಲ್ಲಿ ಮೊದಲು 'ಡಿ' ಮತ್ತು 'ಜೆ' ತುಂಡುಗಳ ಪ್ರದೇಶ ತೆರೆಯುತ್ತದೆ. ಅವೆರಡೂ ಕೂಡಿದ ಮೇಲೆ 'ವಿ'ಯ ಸರದಿ. ಹೊಲಿಗೆಯಲ್ಲಿ ಅಕ್ಷರಗಳು ಉದುರಿ ಸೇರುವುದರಿಂದ ಬರಹ ಅರ್ಥವತ್ತಾಗಿ ಬರುವ ಸಂಭವ ಮೂರರಲ್ಲಿ ಒಂದು ಮಾತ್ರ. ತಪ್ಪಿದರೆ ಜೊತೆಯ ಇನ್ನೊಂದು ಕ್ರೋಮೋಸೋಮಿನಲ್ಲಿ ಮತ್ತೊಂದು ಪ್ರಯತ್ನ. ಎರಡೂ ಸೇರಿ ಒಂಬತ್ತರಲ್ಲಿ ಐದು ಕಣಗಳು ಗೆಲ್ಲಬಹುದು, ಉಳಿದವು ಸಾಯುತ್ತವೆ. ದೇಹ ಈ ನಷ್ಟವನ್ನು ಪ್ರತಿದಿನವೂ ನಿರ್ವಿಕಾರವಾಗಿ ಸಹಿಸಿಕೊಳ್ಳುತ್ತದೆ.

ಗೆದ್ದ ಕಣ ಮೊದಲು ಮಾಡುವ ಕೆಲಸವೆಂದರೆ ಭಾರವಾದ ಸರಪಣಿಯ 'ವಿ' ಓಲೆಗಳನ್ನು ಮತ್ತೆ ಕಟ್ಟಿಡುವುದು. ಹೀಗೆ ಮಾಡದಿದ್ದರೆ ಒಂದೇ ಕಣದಲ್ಲಿ ಎರಡು ಬಗೆಯ ಪ್ರತಿಕಾಯಗಳು ಹುಟ್ಟಿ, ಯಾವ ವೈರಿಗೆ ಯಾವ ಕಣವೆಂಬ ಲೆಕ್ಕವೇ ತಪ್ಪುತ್ತದೆ. ಒಂದು ಕಣಕ್ಕೆ ಒಂದೇ ಪ್ರತಿಕಾಯ ಎಂಬುದು 1957ರಲ್ಲಿ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಪ್ರತಿಪಾದಿಸಿದ ಸಿದ್ಧಾಂತದ ತಳಹದಿ. ಇದಾದ ಮೇಲೆ ಕತ್ತರಿಯನ್ನು ಬದಿಗಿಟ್ಟು ಕಣ ಕೆಲವು ಬಾರಿ ಇಬ್ಭಾಗವಾಗುತ್ತದೆ. ತನ್ನ ಬರಹವನ್ನೆಲ್ಲ ನಕಲು ಮಾಡಿಕೊಳ್ಳುವ ಹೊತ್ತಿನಲ್ಲಿ ರ್ಯಾಗ್-2 ಪ್ರೋಟೀನನ್ನು ಅದು ನಾಶಮಾಡಿಬಿಡುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಿ ಈಳಿಗೆಯನ್ನು ಮೇಲೆತ್ತಿಡುವ ಗೃಹಿಣಿಯ ಎಚ್ಚರ ಅದಕ್ಕಿದೆ. ಅನಂತರ ಹಗುರವಾದ ಸರಪಣಿಯ ಓಲೆ ಬಿಚ್ಚುತ್ತದೆ, ಕತ್ತರಿ ಮತ್ತೆ ಕೆಳಗಿಳಿಯುತ್ತದೆ. ಥೈಮಸ್ ಗ್ರಂಥಿಯಲ್ಲಿ 'ಟಿ' ಕಣವೂ ಇದೇ ಬಗೆಯ ಕ್ರಮವನ್ನು ಪಾಲಿಸುತ್ತದೆ.

ಕತ್ತರಿ ದಾರಿ ತಪ್ಪಿದರೆ

ತನ್ನದೇ ಡಿ.ಎನ್.ಎ.ಯನ್ನು ಕತ್ತರಿಸುವ ಆಯುಧವನ್ನು ಮನೆಯೊಳಗೆ ಇಟ್ಟುಕೊಳ್ಳುವುದು ಅಪಾಯದ ಸಂಗತಿಯೇ ಸರಿ. 7 ಮತ್ತು 9 ಅಕ್ಷರಗಳ ಗುರುತನ್ನು ಹೋಲುವ ಬರಹ ಡಿ.ಎನ್.ಎ.ಯಲ್ಲಿ ಇನ್ನೆಷ್ಟೋ ಕಡೆ ಆಕಸ್ಮಿಕವಾಗಿ ಬಂದಿದೆ. ಅವುಗಳಲ್ಲಿ ಬಹುಪಾಲು ಕಟ್ಟಿನೊಳಗೆ ಭದ್ರವಾಗಿರುವುದರಿಂದ ಅನಾಹುತ ವಿರಳ. ಆದರೆ ವಿರಳವೆಂದರೆ ಇಲ್ಲವೆಂದಲ್ಲ. 14ನೆಯ ಕ್ರೋಮೋಸೋಮಿನ ತುಂಡು 18ನೆಯದಕ್ಕೆ ತಪ್ಪಾಗಿ ಹೊಲಿಯಲ್ಪಟ್ಟರೆ, ಕಣದ ಸಾವನ್ನು ತಡೆಯುವ 'ಬಿ.ಸಿ.ಎಲ್.-2' ಎಂಬ ಜೀನು ಪ್ರತಿಕಾಯದ ಜೀನಿನ ನೆರೆಗೆ ಬಂದು ಸದಾ ಎಚ್ಚರವಾಗಿರುತ್ತದೆ. ಸಾಯಬೇಕಾದ ಕಣ ಸಾಯುವುದಿಲ್ಲ. ಫಾಲಿಕ್ಯುಲರ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರಿಗೆ ಅದು ಬೀಜವಾಗುತ್ತದೆ. ಆ ಜೀನಿನ ಮುರಿಯುವ ಜಾಗದಲ್ಲಿ ಡಿ.ಎನ್.ಎ. ತನ್ನ ಸಾಮಾನ್ಯ ರೂಪವನ್ನು ಬಿಟ್ಟು ವಿಚಿತ್ರ ಆಕಾರ ತಾಳುವುದನ್ನೂ, ಅದನ್ನು ರ್ಯಾಗ್ ಕತ್ತರಿಸಬಲ್ಲುದೆಂಬುದನ್ನೂ 2004ರಲ್ಲಿ ಅಮೆರಿಕದ ಮೈಕೆಲ್ ಲೀಬರ್ ಅವರ ಪ್ರಯೋಗಶಾಲೆಯಲ್ಲಿ ತೋರಿಸಿದವರಲ್ಲಿ ಮೊದಲಿಗರು ಸತೀಸ್ ರಾಘವನ್. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅದೇ ಕ್ಷೇತ್ರದ ಸಂಶೋಧನೆಯನ್ನು ಮುಂದುವರಿಸಿದರು.

ಕತ್ತರಿಯೇ ಇಲ್ಲದಿದ್ದರೂ ಕಷ್ಟವೇ. ರ್ಯಾಗ್ ಜೀನುಗಳು ಪೂರ್ತಿ ಕೆಟ್ಟ ಮಗುವಿನಲ್ಲಿ 'ಬಿ' ಕಣವೂ ಬೆಳೆಯದು, 'ಟಿ' ಕಣವೂ ಬೆಳೆಯದು. ಇದು 1996ರಲ್ಲಿ ಖಚಿತವಾಯಿತು. ಹುಟ್ಟಿದಾಗ ನಗುನಗುತ್ತಿದ್ದ ಕೂಸು ಕೆಲವೇ ತಿಂಗಳಲ್ಲಿ ಒಂದಾದ ಮೇಲೊಂದು ಸೋಂಕಿಗೆ ಸಿಕ್ಕಿ ಸೊರಗುತ್ತದೆ. ತಾಯಿತಂದೆಯರಿಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಾಗ ಮಾತ್ರ ಈ ರೋಗ ತಲೆದೋರುವುದರಿಂದ, ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿಯಿರುವ ಮನೆತನಗಳಲ್ಲಿ ಇದರ ಸಂಭವ ಹೆಚ್ಚು. ಹಿಂದೆ ಎಳೆಗೂಸುಗಳು ಸೋಂಕಿನಿಂದ ತೀರಿಕೊಂಡ ಮನೆಯಲ್ಲಿ, ಹೊಸದಾಗಿ ಹುಟ್ಟಿದ ಮಗುವಿಗೆ ಬಿ.ಸಿ.ಜಿ. ಚುಚ್ಚುವ ಮೊದಲೇ ಆ ಸಂಗತಿಯನ್ನು ವೈದ್ಯರಿಗೆ ತಿಳಿಸುವುದು ಅತ್ಯವಶ್ಯ. ಆ ಲಸಿಕೆಯಲ್ಲಿರುವ ಜೀವಂತ ಜೀವಾಣು ಉಳಿದೆಲ್ಲ ಮಕ್ಕಳಿಗೆ ರಕ್ಷೆ. ರಕ್ಷಣಾಕಣಗಳೇ ಇಲ್ಲದ ಈ ಕೂಸಿಗೆ ಮಾತ್ರ ಮಾರಕವಾಗಬಹುದು. ಸಕಾಲದಲ್ಲಿ ಗುರುತಿಸಿದರೆ ಇನ್ನೊಬ್ಬರ ಅಸ್ಥಿಮಜ್ಜೆಯನ್ನು ನಾಟಿ ಇಂತಹ ಮಕ್ಕಳನ್ನು ಉಳಿಸಿಕೊಳ್ಳುವ ಮಾರ್ಗವಿದೆ.

ಕತ್ತರಿ ಇಲ್ಲದಿದ್ದರೆ ಮರಣ, ಎಲ್ಲೆಂದರಲ್ಲಿ ಆಡಿದರೆ ಕ್ಯಾನ್ಸರು. ಈ ಎರಡು ಪ್ರಪಾತಗಳ ನಡುವಿನ ಕಿರಿದಾದ ಹಾದಿಯಲ್ಲಿ ದೇಹವನ್ನು ಕೈಹಿಡಿದು ನಡೆಸುವುದು ಓಲೆಯನ್ನು ಬಿಚ್ಚಿ ಕಟ್ಟುವ ಆ ನಿಶ್ಶಬ್ದ ಶಿಸ್ತು. ಎಲ್ಲ ಜೀವಕೋಶಗಳಿಗೂ ಹಿರಿಯರಿಂದ ಬಂದ ಗ್ರಂಥ ಒಂದೇ. ಯಾವ ಹೊತ್ತಿನಲ್ಲಿ ಯಾವ ಓಲೆಯನ್ನು ತೆರೆಯಬೇಕು, ಯಾವುದನ್ನು ಮತ್ತೆ ಕಟ್ಟಿ ಅಟ್ಟಕ್ಕೇರಿಸಬೇಕು ಎಂಬ ಅರಿವಿನಲ್ಲಿ ಒಂದೊಂದರ ಬಾಳೂ ಬೇರೆ. ತೊಟ್ಟಿಲ ಕೂಸು ನೆಮ್ಮದಿಯಿಂದ ನಿದ್ರಿಸುತ್ತಿರುವಾಗ ಅದರ ಎಲುಬಿನ ಒಳಗೆ ಓಲೆಯೊಂದು ಬಿಚ್ಚುತ್ತದೆ, ಕತ್ತರಿಯೊಂದು ಆಡುತ್ತದೆ, ಓಲೆ ಮತ್ತೆ ಕಟ್ಟಿಕೊಳ್ಳುತ್ತದೆ. ಮುಂದೆಂದೋ ಬರಲಿರುವ, ಹೆಸರೂ ಇಲ್ಲದ ಶತ್ರುವಿಗೆ ಇನ್ನೊಂದು ಉತ್ತರ ಅಲ್ಲಿ ಸಿದ್ಧವಾಗಿರುತ್ತದೆ.